ರೇಟು ಗೊತ್ತಾಗುವ ಮುಂಚೆ ಕಟ್ಟಿಡುವ ಗಂಟು: ನನ್ನ ಅನುಭವ

ಮತ್ತಾಯ 6ನೇ ಅಧ್ಯಾಯದ 19ರಿಂದ 21ನೇ ವಚನದವರೆಗೆ ನಮ್ಮ ಕನ್ನಡ ಸತ್ಯವೇದ (ಬೈಬಲ್) ಬಳಸುವ ಪದ ‘ಗಂಟು’. ಭೂಮಿಯ ಮೇಲೆ ಗಂಟು ಮಾಡಿಟ್ಟುಕೊಳ್ಳಬೇಡಿ, ಪರಲೋಕದಲ್ಲಿ ಮಾಡಿಟ್ಟುಕೊಳ್ಳಿ, ಗಂಟು ಇರುವ ಕಡೆಯೇ ಮನಸ್ಸೂ ಇರುತ್ತದೆ. ಕೊನೆಯ ಮಾತನ್ನು ಸಾವಧಾನವಾಗಿ ಓದಬೇಕು. ಅಲ್ಲಿ ಗಂಟು ಮುಂದೆ ಹೋಗುತ್ತದೆ, ಮನಸ್ಸು ಅದರ ಹಿಂದೆ ಬರುತ್ತದೆ. ಕೋಲಾರದ ಕಡೆ ಒಂದಿಷ್ಟು ಟೊಮ್ಯಾಟೊ, ಒಂದಿಷ್ಟು ರಾಗಿ, ಎರಡು ಸೀಮೆಹಸು ನೆಚ್ಚಿಕೊಂಡಿರುವ ನನ್ನಂಥವನಿಗೆ ಇದು ದೊಡ್ಡ ಧೈರ್ಯ. ಮನಸ್ಸನ್ನು ಕೈಯಲ್ಲಿ ಹಿಡಿದು ತಿರುಗಿಸಲು ನನ್ನಿಂದಾಗದು. ದುಡ್ಡು, ಹೊತ್ತು, ಹೆಸರು ಈ ಮೂರನ್ನು ಎತ್ತಿ ಅತ್ತ ಇಡಲು ಆಗುತ್ತದೆ. ಹೇಗೆ ಇಡುತ್ತೇನೆ ಅನ್ನುವುದನ್ನು ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು ವಿಷಯ ತಿಳಿಯಾಗಿರಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಕೆಡುತ್ತದೆ. ರಕ್ಷಣೆ ಕೂಲಿಯಲ್ಲ. ಎಫೆಸ 2:8-9ರಲ್ಲಿ ಅದು ದೇವರ ವರ ಎಂದು ಪೌಲ ಬರೆದಿದ್ದಾನೆ. ಪ್ರತಿಫಲದ ಮಾತು ಅದರ ನಂತರದ್ದು. 1 ಕೊರಿಂಥ 3ರಲ್ಲಿ ಅಸ್ತಿವಾರ ಒಂದೇ, ಕ್ರಿಸ್ತ. ಅದರ ಮೇಲೆ ಒಬ್ಬ ಚಿನ್ನ ಬೆಳ್ಳಿಯಿಂದ ಕಟ್ಟುತ್ತಾನೆ, ಇನ್ನೊಬ್ಬ ಹುಲ್ಲು ಜೊಂಡಿನಿಂದ ಕಟ್ಟುತ್ತಾನೆ. ಬೆಂಕಿ ಬಂದಾಗ ಹುಲ್ಲಿನವನ ಕೆಲಸ ಸುಟ್ಟುಹೋಗುತ್ತದೆ, ಅವನು ಮಾತ್ರ ಉಳಿಯುತ್ತಾನೆ. ಕೆಜಿಎಫ್ ಚಿನ್ನದ ಗಣಿಗಳ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅದಿರಿನಲ್ಲಿ ಎಷ್ಟು ಚಿನ್ನವಿದೆ ಎಂದು ನೋಡಲು ಪುಡಿಯನ್ನು ಸೀಸದ ಜೊತೆ ಕರಗಿಸಿ, ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿ ಕಾಯಿಸುತ್ತಾರೆ. ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು ಕೊನೆಗೆ ಸಾಸಿವೆಯಷ್ಟು ಮಣಿ ಉಳಿಯುತ್ತದೆ. ಬೆಂಕಿ ಚಿನ್ನವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ. ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಇನ್ನೂ ಅಲ್ಲೇ ಇವೆ.

ಈಗ ದುಡ್ಡಿನ ವಿಚಾರ. ಟೊಮ್ಯಾಟೊ ಬೆಳೆಯುವವನು ದೇವರ ಭಾಗವನ್ನು ಸಸಿ ನಾಟಿ ಮಾಡುವ ದಿನವೇ ಗೊತ್ತು ಮಾಡಿ ಬರೆದಿಡಬೇಕು. ಹರಾಜಾದ ಮೇಲೆ ಕೂತು ಯೋಚಿಸಿದರೆ ಕೆಟ್ಟಿತು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ಹಂಗಾಮಿನಲ್ಲಿ ಅದೇ ಬಾಕ್ಸಿಗೆ 50 ರೂಪಾಯಿ ಸಿಗದೆ, ಕಿತ್ತ ಕೂಲಿ ಹುಟ್ಟದೆ, ರಸ್ತೆ ಬದಿಗೆ ಸುರಿದದ್ದೂ ಉಂಟು. ರೇಟು ಬಿದ್ದಾಗ ‘ಇರೋದೇ ಇಲ್ಲ, ಏನು ಕೊಡೋದು’ ಅನ್ನಿಸುತ್ತದೆ. ರೇಟು ಏರಿದಾಗ ಅದಕ್ಕಿಂತ ಮೋಸದ ಯೋಚನೆ ಬರುತ್ತದೆ: ‘ಹತ್ತರಲ್ಲೊಂದು ಅಂದರೆ ಇಷ್ಟೊಂದಾ! ಇದರಲ್ಲಿ ಒಂದು ಬೋರ್ ಕೊರೆಸಬಹುದಿತ್ತಲ್ಲ.’ ನಾಟಿಯ ದಿನ ಈ ಎರಡೂ ಇರುವುದಿಲ್ಲ. ಎಕರೆಗೆ ಐದಾರು ಸಾವಿರ ಸಸಿ, ಮಲ್ಚಿಂಗ್ ಶೀಟು, ಕಡ್ಡಿ, ದಾರ ಎಂದು ಖರ್ಚು ಬರೆಯುವ ಪುಟದಲ್ಲೇ ಮೇಲುಗಡೆ ಒಂದು ಸಾಲು ಬರೆಯುತ್ತೇನೆ: ಪ್ರತಿ ಬಿಲ್ಲಿಗೆ ಇಷ್ಟು ಪಾಲು.

ಒಟ್ಟು ಹಣದ ಮೇಲೋ, ಲಾಭದ ಮೇಲೋ? ಸಭೆಯಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ನಾನು ಮಾಡುವುದು ಹೀಗೆ. ಲಾರಿ ಬಾಡಿಗೆ, ಹಮಾಲಿ ಎಲ್ಲ ಕಳೆದು ಮಂಡಿಯವರು ಕೈಗೆ ಕೊಡುವ ಬಿಲ್ಲಿನ ಮೊತ್ತಕ್ಕೆ ನೂರಕ್ಕೆ 5. ಬೆಳೆ ಮುಗಿದು, ಖರ್ಚೆಲ್ಲ ಕಳೆದು ಲಾಭ ಉಳಿದರೆ ಆ ಲಾಭದ ಹತ್ತರಲ್ಲೊಂದನ್ನು ಲೆಕ್ಕ ಹಾಕಿ, ಮೊದಲೇ ಕೊಟ್ಟದ್ದಕ್ಕಿಂತ ಅದು ಜಾಸ್ತಿಯಾದರೆ ಕೊರೆ ತುಂಬುತ್ತೇನೆ, ಕಡಿಮೆಯಾದರೆ ವಾಪಸು ತೆಗೆಯುವುದಿಲ್ಲ. ಬರೀ ಲಾಭದ ಲೆಕ್ಕ ಇಟ್ಟುಕೊಂಡರೆ ಏನಾಗುತ್ತದೆ ಗೊತ್ತೇ? ಖರ್ಚಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಡ್ರಿಪ್ ಪೈಪು ಸೇರುತ್ತದೆ, ಬೈಕಿನ ಪೆಟ್ರೋಲು ಸೇರುತ್ತದೆ, ಕೊನೆಗೆ ಮನೆಯ ಟಿವಿಯೂ ಸೇರಿ ಬೆಳೆ ‘ನಷ್ಟ’ದಲ್ಲಿ ಮುಗಿಯುತ್ತದೆ. ಬಿಲ್ಲಾದರೆ ಇನ್ನೊಬ್ಬರ ಕೈಬರಹ, ನಾನು ತಿದ್ದಲಾಗದು. ಡೇರಿ ಬಟವಾಡೆ ಇನ್ನೂ ಸುಲಭ. ಬಂದ ದಿನವೇ ಬೂಸಾ, ಹಿಂಡಿಯ ಹಣ ತೆಗೆದು ಉಳಿದದ್ದರಲ್ಲಿ ಹತ್ತನೇ ಒಂದು. 1 ಕೊರಿಂಥ 16:2ರಲ್ಲಿ ಪೌಲ ಹೇಳುವ ಕ್ರಮ ಇದೇ: ವಾರದ ಮೊದಲ ದಿನ, ಪ್ರತಿಯೊಬ್ಬನೂ, ತನ್ನ ಸಂಪಾದನೆಗೆ ತಕ್ಕಂತೆ, ತನ್ನ ಹತ್ತಿರ ತೆಗೆದಿಡಲಿ. ತೆಗೆದಿಟ್ಟ ಹಣಕ್ಕೆ ಬೇರೆ ಬಟ್ಟೆಚೀಲ ಬೇಕು, ದೊಡ್ಡ ಮೊತ್ತಕ್ಕೆ ಪೋಸ್ಟಾಫೀಸಿನಲ್ಲಿ ಬೇರೆ ಪಾಸ್‌ಬುಕ್ಕು. ಒಂದೇ ಖಾತೆಯಲ್ಲಿ ಕಲೆಸಿಟ್ಟರೆ ಔಷಧಿ ಅಂಗಡಿಯವನ ಬಾಕಿಗೆ ಅದು ಹೋಗೇ ಹೋಗುತ್ತದೆ.

ಒಂದು ಕಟ್ಟುನಿಟ್ಟು. ಕಾಣಿಕೆಗಿಂತ ಮುಂಚೆ ಕೂಲಿ. ಕಾಯಿ ಕಿತ್ತ ಹೆಂಗಸರ ಕೂಲಿ ಹೊತ್ತು ಮುಳುಗುವ ಮುಂಚೆ ಅವರ ಕೈಗೆ ಸೇರಬೇಕೆಂದು ಧರ್ಮೋಪದೇಶಕಾಂಡ 24:15 ಹೇಳುತ್ತದೆ. ತಡೆಹಿಡಿದ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಯಾಕೋಬ 5:4 ಹೇಳುತ್ತದೆ. ‘ಮಂಡಿ ದುಡ್ಡು ಬಂದ ಮೇಲೆ ಕೊಡ್ತೀನಿ ಕಣಮ್ಮ’ ಎಂದು ಶನಿವಾರ ಕಳಿಸಿ, ಭಾನುವಾರ ಕಾಣಿಕೆ ತಟ್ಟೆಗೆ ಐನೂರರ ನೋಟು ಹಾಕಿದರೆ ಆ ನೋಟು ನಮ್ಮದಲ್ಲ, ಆಕೆಯದು. ಅದಕ್ಕೇ ಕೀಳುವ ಹಿಂದಿನ ದಿನವೇ ಕೂಲಿಗೆ ಚಿಲ್ಲರೆ ಸಮೇತ ಹಣ ಹೊಂದಿಸಿಟ್ಟಿರಬೇಕು. ಹೊಂದದಿದ್ದರೆ ಕೀಳುವ ಆಳು ಕಡಿಮೆ ಮಾಡಿಕೊಳ್ಳಬೇಕು.

ಬಾಕ್ಸು ತುಂಬುವ ವಿಷಯಕ್ಕೆ ಬರುತ್ತೇನೆ. ಕೊಲೊಸ್ಸೆ 3:23-24ರಲ್ಲಿ ಪೌಲ ಬಾಧ್ಯತೆಯ (ಮಗನಿಗೆ ಸೇರುವ ಆಸ್ತಿಯ) ಪ್ರತಿಫಲದ ಮಾತು ಆಡುವುದು ಗುಲಾಮರಿಗೆ. ದಿನಗೂಲಿಯೂ ಸಿಗದವರಿಗೆ, ನೀವು ಮಾಡುವ ಕೆಲಸ ಕರ್ತನಿಗೆ, ಸಂಬಳ ಕೊಡುವವನೂ ಅವನೇ ಅನ್ನುತ್ತಾನೆ. ಅಂದಮೇಲೆ ಪರಲೋಕದ ಗಂಟು ದೇವಾಲಯದ ಬೆಂಚಿನ ಮೇಲಷ್ಟೇ ಅಲ್ಲ, ಬಾಕ್ಸಿನ ತಳದಲ್ಲೂ ಇದೆ. ಟೊಮ್ಯಾಟೊ ಬಾಕ್ಸಿಗೆ ಮೂರು ಪದರ. ಹರಾಜು ಕೂಗುವಾಗ ಮೇಲಿನ ಪದರ ಕಾಣುತ್ತದೆ, ಕೈ ಹಾಕಿದರೆ ಮಧ್ಯದ್ದು ಸಿಗುತ್ತದೆ, ತಳದ ಕಾಯಿ ಕಾಣುವುದು ಯಾವುದೋ ದೂರದೂರಿನಲ್ಲಿ ಬಾಕ್ಸು ಬಗ್ಗಿಸಿದಾಗ. ಅಷ್ಟು ಹೊತ್ತಿಗೆ ಬೆಳೆದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಮೇಲೆ ದಪ್ಪ ಕಾಯಿ, ಕೆಳಗೆ ಗೋಲಿಕಾಯಿ, ನಡುವೆ ಊಜಿ ಹುಳ ಹೊಡೆದ ನಾಲ್ಕು ಕಾಯಿ: ಹೀಗೆ ತುಂಬಿದರೆ ಬಾಕ್ಸಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಸಿಗಬಹುದು. ಇದನ್ನು ತಡೆಯಲು ಉಪದೇಶ ಸಾಲದು, ಜಾಗದ ವ್ಯವಸ್ಥೆ ಬೇಕು. ಗದ್ದೆಯ ತಲೆಗೆ ಟಾರ್ಪಾಲು ಹಾಸಿ ಎಲ್ಲ ಕಾಯಿ ಸುರಿಸುತ್ತೇನೆ. ದಪ್ಪ, ಮಧ್ಯಮ, ಗೋಲಿ ಮೂರು ಗುಡ್ಡೆ. ಊಜಿ ತೂತಿನದು, ಒಡೆದದ್ದು ನಾಲ್ಕನೇ ಗುಡ್ಡೆ. ಅದು ಗುಂಡಿಗೆ ಹೋಗಬೇಕು, ಹೊಲದ ಬದುವಿನಲ್ಲಿ ಬಿಟ್ಟರೆ ಊಜಿ ಮತ್ತೆ ಬೆಳೆಗೇ ಬರುತ್ತದೆ. ಒಂದು ಗುಡ್ಡೆ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಗುಡ್ಡೆಗಳು ಬೇರೆಬೇರೆ ಇದ್ದರೆ ಕಲೆಸಲು ಮನಸ್ಸು ಮಾಡಿ ಎದ್ದು ನಡೆಯಬೇಕಾಗುತ್ತದೆ. ಅಷ್ಟು ದೂರ ನಡೆಯುವಷ್ಟರಲ್ಲಿ ಮನಸ್ಸಾಕ್ಷಿಗೆ ಸ್ವಲ್ಪ ಸಮಯ ಸಿಗುತ್ತದೆ. ಹಾಲಿಗೂ ಇದೇ ಮಾತು. ಲ್ಯಾಕ್ಟೋಮೀಟರಿಗೆ ಹೆದರಿ ನೀರು ಬೆರೆಸದಿರುವುದು ಬೇರೆ, ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕದಿರುವುದು ಬೇರೆ. ಎರಡನೆಯದನ್ನು ಕೇಳುವವರು ಡೇರಿಯಲ್ಲಿ ಯಾರೂ ಇರುವುದಿಲ್ಲ.

ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಎಂದು ಯಾಜಕಕಾಂಡ 19:9-10ರಲ್ಲಿದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದಂತಿರುವುದು ರಾಗಿ ಹೊಲದ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಅವರೆಯಂಥದ್ದನ್ನು ಬಿತ್ತುವ ಸಾಲು. ರಸ್ತೆ ಬದಿಯ ಎರಡು ಅಕ್ಕಡಿಯ ಅವರೆಯನ್ನು ನಾನು ಕೀಳುವುದಿಲ್ಲ. ಬಿಡಿಸಿಕೊಳ್ಳುವವರು ಬಿಡಿಸಿಕೊಳ್ಳಲಿ. ಟೊಮ್ಯಾಟೊದಲ್ಲಿ ಇದು ಕಷ್ಟ, ಎರಡು ಕಾರಣಕ್ಕೆ. ಮೊದಲನೆಯದು ನಮ್ಮ ಜಿಪುಣತನ: ಗಿಡ ಹಳದಿಯಾಗಿ ಕಾಯಿ ಗೋಲಿಯಾದ ಮೇಲೆ ‘ತಗೊಂಡು ಹೋಗಿ’ ಅನ್ನುವುದು ಬಡವರು ಆಯ್ದುಕೊಳ್ಳುವ ಹಕ್ಕಲಿಗೆ ಬಿಟ್ಟಂತಲ್ಲ, ಹೊಲ ಗುಡಿಸಿಕೊಟ್ಟಂತೆ. ಬಿಡುವುದಾದರೆ ಮೂರನೇ, ನಾಲ್ಕನೇ ಕೀಳಿನಲ್ಲಿ, ಕಾಯಿ ದಪ್ಪಗಿರುವಾಗ ಒಂದು ಸಾಲು ಬಿಡಬೇಕು. ಎರಡನೆಯದು ಔಷಧಿ. ಸಿಂಪಡಿಸಿದ ಮೇಲೆ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಾಯಿ ಮುಟ್ಟಬಾರದು. ಅದು ಕೀಳಲು ಬರುವವರಿಗೆ ಗೊತ್ತಿರುವುದಿಲ್ಲ. ಆ ದಿನಗಳಲ್ಲಿ ಸಾಲಿನ ತುದಿಯ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಬಾಯಲ್ಲೂ ಹೇಳಿರಬೇಕು. ದಾನ ಎಂದು ವಿಷ ಹಂಚಬಾರದು.

ಭಾನುವಾರ. ಟೊಮ್ಯಾಟೊ ಹಣ್ಣಾಗಲು ವಾರ ನೋಡುವುದಿಲ್ಲ, ಮೂರ್ನಾಲ್ಕು ದಿನಕ್ಕೊಮ್ಮೆ ಕೀಳಲೇಬೇಕು. ಹಾಗಾಗಿ ಮೊದಲ ಕೀಳನ್ನೇ ಲೆಕ್ಕ ಹಾಕಿ ಶುರು ಮಾಡಬೇಕು: ಬುಧವಾರ, ಶನಿವಾರ. ಶನಿವಾರ ಬಣ್ಣ ತಿರುಗಿದ ಕಾಯಿಯನ್ನೂ ಸೇರಿಸಿ ಕಿತ್ತರೆ ಭಾನುವಾರ ಹೊಲಕ್ಕೆ ಕೆಲಸವಿಲ್ಲ. ಮೂರು ಫೇಸ್ ಕರೆಂಟಿನ ಪಾಳಿ ಭಾನುವಾರ ಬೆಳಿಗ್ಗೆ ಬಿದ್ದರೆ ಮೋಟರಿಗೆ ಆಟೋ ಸ್ಟಾರ್ಟರ್ ಇದೆ, ವಾಲ್ವನ್ನು ಹಿಂದಿನ ರಾತ್ರಿಯೇ ತಿರುಗಿಸಿಟ್ಟರೆ ಆಯಿತು. ಹಸು ಕರೆಯುವುದರಲ್ಲಿ ತಪ್ಪಿಲ್ಲ. ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಎತ್ತನ್ನು ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವುದಿಲ್ಲವೇ ಎಂದು ಯೇಸುಸ್ವಾಮಿಯೇ ಕೇಳಿದ್ದಾನೆ (ಲೂಕ 13:15). ನಿತ್ಯದ ಪ್ರಾರ್ಥನೆಗೆ ಹಾಲು ಕರೆಯುವ ಮುಂಚಿನ 20 ನಿಮಿಷ ಸಾಕು. ಮೊಬೈಲು ಒಳಗೇ ಇರಬೇಕು. ಮಂಡಿಯ ರೇಟಿನ ಮೆಸೇಜು ಒಮ್ಮೆ ಕಣ್ಣಿಗೆ ಬಿದ್ದರೆ ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಹೆಸರು. ದುಡ್ಡು ಕೊಟ್ಟವನೂ ಹೆಸರನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿರುತ್ತಾನೆ. ದೇವಾಲಯದ ಫ್ಯಾನಿನ ರೆಕ್ಕೆಯ ಮೇಲೆ, ಬೆಂಚಿನ ಬೆನ್ನಿಗೆ, ಊಟದ ಸ್ಟೀಲ್ ತಟ್ಟೆಯ ಹಿಂದೆ ದಾನಿಯ ಹೆಸರು ನೋಡಿದ್ದೇವೆ. ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿ ಹರಾಜು ಸಾವಿರಗಟ್ಟಲೆ ಏರುವಾಗ ಕೂಗುವವರ ಮುಖವನ್ನೂ ನೋಡಿದ್ದೇವೆ. ದಾನ, ಪ್ರಾರ್ಥನೆ, ಉಪವಾಸ ಮೂರರ ಬಗ್ಗೆಯೂ ಮತ್ತಾಯ 6ರಲ್ಲಿ ಯೇಸು ಒಂದೇ ಮಾತು ಹೇಳುತ್ತಾನೆ: ಜನ ನೋಡಲಿ ಎಂದು ಮಾಡುವವರು ತಮ್ಮ ಫಲವನ್ನು ಪಡೆದುಬಿಟ್ಟಿದ್ದಾರೆ. ಅಲ್ಲಿನ ಗ್ರೀಕ್ ಪದ ‘ಅಪೆಖೊ’, ಆ ಕಾಲದ ವ್ಯಾಪಾರಿಗಳು ರಸೀದಿಯಲ್ಲಿ ಬರೆಯುತ್ತಿದ್ದದ್ದು. ನಮ್ಮ ಮಂಡಿ ಭಾಷೆಯಲ್ಲಿ ಹೇಳುವುದಾದರೆ ‘ಚುಕ್ತಾ’. ಚಪ್ಪಾಳೆ ಬಿತ್ತು, ಬಿಲ್ಲು ಚುಕ್ತಾ, ಆಚೆ ಕಡೆ ಬರಬೇಕಾದ ಬಾಕಿ ಏನೂ ಇಲ್ಲ.

ಹಾಗಾಗಿ ಗುಟ್ಟಾಗಿ ಕೊಡುವ ದಾರಿಗಳನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಫೋನ್‌ಪೇಯಲ್ಲಿ ಕಳಿಸಿದರೆ ಹೆಸರು ಕಾಣುತ್ತದೆ, ನಗದೇ ಒಳ್ಳೆಯದು. ಮಗುವಿನ ಫೀಸನ್ನು ಶಾಲೆಯ ಕೌಂಟರಿನಲ್ಲಿ ಮಗುವಿನ ಹೆಸರಿಗೇ ಕಟ್ಟಿ, ರಸೀದಿಯನ್ನು ಸಭೆಯ ಅಯ್ಯನವರ (ಪಾದ್ರಿಯ) ಕೈಯಲ್ಲಿ ಕಳಿಸಬಹುದು. ಅಯ್ಯನವರಿಗೆ ‘ಯಾರೆಂದು ಹೇಳಬೇಡಿ’ ಎಂದಷ್ಟೇ ಹೇಳಿದರೆ ಸಾಲದು, ‘ಪ್ರಾರ್ಥನೆಯಲ್ಲೂ ಸುಳಿವು ಕೊಡಬೇಡಿ’ ಎಂದೂ ಹೇಳಬೇಕು. ಹಳ್ಳಿಯಲ್ಲಿ ಒಂದು ಸುಳಿವು ಸಾಕು, ಊರಿಗೆಲ್ಲ ಗೊತ್ತಾಗುತ್ತದೆ. ರೇಷನ್ನು ಕೊಡಿಸುವುದಾದರೆ ಅಂಗಡಿಯವರಿಗೆ ಮೊದಲೇ ಹಣ ಕೊಟ್ಟು, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ ಅನ್ನಬೇಕು. ನಾವೇ ಕಟ್ಟಿ ಒಯ್ದ ಚೀಲದಲ್ಲಿ ನಮ್ಮ ದೊಡ್ಡಸ್ತಿಕೆಯೂ ಸ್ವಲ್ಪ ತುಂಬಿರುತ್ತದೆ.

ಊಟಕ್ಕೆ ಕರೆಯುವುದರಲ್ಲೂ ಇದೇ. ನಮ್ಮಲ್ಲಿ ಮದುವೆಗೆ ಬಂದವರ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆ ಮದುವೆಗೆ ಅಷ್ಟೇ ಹಾಕುತ್ತಾರೆ. ಅದು ಒಳ್ಳೆಯ ಪದ್ಧತಿಯೇ, ಆದರೆ ಅದಕ್ಕೆ ಪರಲೋಕದಲ್ಲಿ ಲೆಕ್ಕವಿಲ್ಲ. ಲೂಕ 14:12-14ರಲ್ಲಿ, ಮುಯ್ಯಿ ತೀರಿಸಲಾಗದವರನ್ನು ಕರೆ, ನೀತಿವಂತರ ಪುನರುತ್ಥಾನದಲ್ಲಿ ನಿನಗೆ ಸಲ್ಲುತ್ತದೆ ಎಂದಿದೆ. ಕ್ರಿಸ್ಮಸ್ ಊಟಕ್ಕೆ ನಾವು 12 ಜನರನ್ನು ಕರೆದರೆ ಅರ್ಧದಷ್ಟು ಅಂಥವರಿರಬೇಕು, ಮತ್ತು ಎಲ್ಲರಿಗೂ ಒಂದೇ ಪಂಕ್ತಿ. ನೆಂಟರಿಗೆ ಮೊದಲ ಪಂಕ್ತಿ, ಅವರಿಗೆ ಕೊನೆಯ ಪಂಕ್ತಿ ಮಾಡಿದರೆ ಕರೆಯದಿರುವುದೇ ಮೇಲು.

ಕೆಡುವ ಕಡೆಗಳನ್ನೂ ಹೇಳಬೇಕು. ‘ಹತ್ತು ಕೊಡಿ, ಇಲ್ಲೇ ನೂರಾಗಿ ಬರುತ್ತದೆ’ ಎಂದು ಬೋಧಿಸುವವರನ್ನು ನಂಬಿದರೆ ಪರಲೋಕಕ್ಕೆ ಕಳಿಸಿದ ಗಂಟನ್ನು ದಾರಿಯಲ್ಲೇ ಬಿಚ್ಚಿದಂತೆ. ಮುಂದಿನ ಬೆಳೆಗೆ ಎಲೆ ಮುರುಟು ರೋಗ ಬಂದರೆ ಅಂಥವರ ನಂಬಿಕೆಯೂ ಮುರುಟುತ್ತದೆ. ಇನ್ನೊಂದು ಕಡೆ, ‘ಲೋಕವೆಲ್ಲ ವ್ಯರ್ಥ’ ಎಂದು ಬ್ಯಾಂಕಿನ ಕಂತು ಕಟ್ಟದೆ, ಮಕ್ಕಳ ಓದು ನೋಡದೆ ಕೂರುವುದು ಭಕ್ತಿಯಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು 1 ತಿಮೊಥೆ 5:8ರಲ್ಲಿದೆ. ಮೂರನೆಯದು ನನಗೆ ಹೆಚ್ಚು ಭಯ ಹುಟ್ಟಿಸುವಂಥದ್ದು: ಪುದೀನ, ಜೀರಿಗೆಯಲ್ಲೂ ದಶಮಾಂಶ ಕೊಟ್ಟು ನ್ಯಾಯ, ಕರುಣೆ ಬಿಟ್ಟವರ ಸಾಲಿಗೆ ಸೇರುವುದು (ಮತ್ತಾಯ 23:23). ಲೆಕ್ಕದ ಪುಸ್ತಕ ಬರೆಯುವವನಿಗೆ ಈ ರೋಗ ಬೇಗ ತಗಲುತ್ತದೆ. ಲೆಕ್ಕ ಸರಿಯಿದ್ದರೆ ತಾನೂ ಸರಿಯಿದ್ದೇನೆ ಅನ್ನಿಸಿಬಿಡುತ್ತದೆ.

ಅದಕ್ಕೆ ನಾನು ಕಂಡುಕೊಂಡ ಮದ್ದು ಇದು. ಪುಸ್ತಕದಲ್ಲಿ ಎಡಪುಟಕ್ಕೆ ಕೊಡಬೇಕಾದ ಪಾಲು, ಬಲಪುಟಕ್ಕೆ ಕೊಟ್ಟದ್ದು. ಯಾರಿಗೆ ಕೊಟ್ಟದ್ದೆಂದು ಬರೆಯುವುದಿಲ್ಲ. ಬೆಳೆ ಮುಗಿದು ಕಡ್ಡಿ ಕಿತ್ತು ದಾರ ಸುತ್ತಿಟ್ಟ ವಾರ ಎರಡೂ ಪುಟ ಕೂಡಿಸುತ್ತೇನೆ. ಎಡಗಡೆ ಬಾಕಿ ಉಳಿದಿದ್ದರೆ ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ. ಬಲಗಡೆಯ ಹಾಳೆಗಳನ್ನು ಹರಿದು ಹಂಡೆ ಒಲೆಗೆ ಹಾಕುತ್ತೇನೆ. ಆ ಹೊತ್ತಿಗೆ ನರ್ಸರಿಯಲ್ಲಿ ಮುಂದಿನ ಸಸಿಗೆ ಮುಂಗಡ ಕೊಟ್ಟಾಗಿರುತ್ತದೆ, ನಾಟಿಗೆ ಇನ್ನೂ 25 ದಿನ ಇರುತ್ತದೆ.