ಆರಿದ್ರಾ ನಕ್ಷತ್ರದ ಕಾಂತಿಯನ್ನು ಬರಿಗಣ್ಣಿನಲ್ಲಿ ಅಳೆಯುವುದು: ನನ್ನ ಅನುಭವ

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವ ಆರಿದ್ರಾ, ಅಂದರೆ ಬೀಟೆಲ್‌ಜ್ಯೂಸ್, ಬೆಳಕು ಏರಿಳಿಯುವ ಮಹಾದೈತ್ಯ ನಕ್ಷತ್ರ. ಅದನ್ನು ಅಳೆಯಲು ದೂರದರ್ಶಕ ಬೇಡ, ಊರಾಚೆ ಹೋಗಬೇಕಿಲ್ಲ, ಬೆಂಗಳೂರಿನ ತಾರಸಿ ಸಾಕು. ನಾನು ಹೋಲಿಕೆಗೆ ಇಟ್ಟುಕೊಂಡಿರುವ ತಾರೆಗಳ ಕಾಂತಿಮಾನ ಹೀಗಿದೆ: ರೈಜೆಲ್ 0.1, ಪ್ರೊಸಿಯಾನ್ 0.4, ರೋಹಿಣಿ 0.9, ಪೊಲಕ್ಸ್ 1.1, ಬೆಲ್ಲಾಟ್ರಿಕ್ಸ್ 1.6. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು.

ಸಾಮಾನ್ಯ ದಿನಗಳಲ್ಲಿ ಆರಿದ್ರಾ ಪ್ರೊಸಿಯಾನ್‌ಗಿಂತ ಮಂಕು, ರೋಹಿಣಿಗಿಂತ ಪ್ರಕಾಶ. ಈ ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಐದು ಮೆಟ್ಟಿಲು ಮಾಡಿಕೊಳ್ಳುತ್ತೇನೆ. ಪ್ರೊಸಿಯಾನ್‌ನಿಂದ ಎರಡು ಮೆಟ್ಟಿಲು ಕೆಳಗೆ ಕಂಡರೆ 0.6. 2020ರ ಫೆಬ್ರುವರಿಯಲ್ಲಿ ಈ ಜೋಡಿ ಕೆಲಸಕ್ಕೆ ಬರಲಿಲ್ಲ. ನಕ್ಷತ್ರ ಉಗುಳಿದ ಅನಿಲ ತಣಿದು ದೂಳಾಗಿ ಮುಖ ಮರೆಸಿತ್ತು, ಆರಿದ್ರಾ 1.6ಕ್ಕೆ ಇಳಿದು ಬೆಲ್ಲಾಟ್ರಿಕ್ಸ್‌ಗೆ ಸಮನಾಗಿತ್ತು.

ತಪ್ಪು ಹೆಚ್ಚಾಗಿ ಬರುವುದು ಬಣ್ಣದಿಂದ. ಕೆಂಪು ತಾರೆಯನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಬೆಳಗಿದಂತೆ ಕಾಣುತ್ತದೆ. ಹಾಗಾಗಿ ಒಂದೆರಡು ಸೆಕೆಂಡು ಇದನ್ನು, ಒಂದೆರಡು ಸೆಕೆಂಡು ಅದನ್ನು, ಹೀಗೆ ನಾಲ್ಕೈದು ಸಲ ಕಣ್ಣು ಹಾಯಿಸಿ ಅಲ್ಲಿಗೇ ನಿಲ್ಲಿಸುತ್ತೇನೆ. ಪ್ರತಿ ಸಲವೂ ನೋಡುವ ತಾರೆ ನೋಟದ ನಡುವೆಯೇ ಇರಬೇಕು. ಓರೆಗಣ್ಣಿನ ಹೋಲಿಕೆ ಮೋಸ ಮಾಡುತ್ತದೆ. ಕನ್ನಡಕ ಇರುವವರು ಅದನ್ನು ತೆಗೆದು ನೋಡಲಿ: ಚುಕ್ಕಿಗಳು ಹರಡಿ ಪುಟ್ಟ ಬಿಲ್ಲೆಗಳಾಗುತ್ತವೆ, ಹೋಲಿಸುವುದು ಸುಲಭ. ರೋಹಿಣಿಯೂ ಕೆಂಪುಮಿಶ್ರಿತ ಕಿತ್ತಳೆ ಬಣ್ಣದ್ದು, ಆದ್ದರಿಂದ ಅದರೊಂದಿಗಿನ ಹೋಲಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನೊಂದು ಎತ್ತರದ ಲೆಕ್ಕ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ತಾರೆಯ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡರಷ್ಟು ಗಾಳಿಯನ್ನು ದಾಟಿ ಬರಬೇಕು. ತಿಳಿಯಾದ ರಾತ್ರಿಯಲ್ಲೂ 0.2ರಷ್ಟು ಕಾಂತಿ ಅಲ್ಲೇ ಸೋರಿಹೋಗುತ್ತದೆ. ಜನವರಿ ನಡುವಿನಲ್ಲಿ ಸಂಜೆ 7ಕ್ಕೆ ಪ್ರೊಸಿಯಾನ್ ಪೂರ್ವ ದಿಗಂತದ ಮಬ್ಬಿನಲ್ಲೇ ಇರುತ್ತದೆ. ಆಗ ಹೋಲಿಸಿದರೆ ಆರಿದ್ರಾಕ್ಕೆ ಇಲ್ಲದ ಬೆಳಕು ಸೇರುತ್ತದೆ. ರಾತ್ರಿ 10ರವರೆಗೆ ಕಾಯಿರಿ. ನಮ್ಮ ಅಕ್ಷಾಂಶದಲ್ಲಿ ಆರಿದ್ರಾ, ರೋಹಿಣಿ ಎರಡೂ ನೆತ್ತಿಯ ಹತ್ತಿರಕ್ಕೆ ಬರುತ್ತವೆ. ಇಂಥ ಅನುಕೂಲ ಯುರೋಪಿನವರಿಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಅಂದಾಜಿನಲ್ಲಿ 0.2ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮುಖ್ಯ ಏರಿಳಿತಕ್ಕೆ ಸುಮಾರು 400 ದಿನ ಬೇಕಾದ್ದರಿಂದ ವಾರಕ್ಕೊಂದು ಅಂದಾಜು ಸಾಕು. ಹಿಂದಿನ ವಾರದ ಅಂಕಿ ನೋಡದೆ ಹೊಸದನ್ನು ಬರೆಯಬೇಕು, ಇಲ್ಲದಿದ್ದರೆ ಕಣ್ಣು ಹಳೆಯದನ್ನೇ ಒಪ್ಪಿಸುತ್ತದೆ.

ದಿನಾಂಕ, ಸಮಯ, ಬಳಸಿದ ಎರಡು ತಾರೆಗಳು, ಮೋಡ, ಚಂದ್ರ ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಅಂದಾಜುಗಳನ್ನು 1911ರಲ್ಲಿ ಆರಂಭವಾದ, ಬೆಳಕು ಏರಿಳಿಯುವ ತಾರೆಗಳ ವೀಕ್ಷಕರ ಅಮೆರಿಕದ ಎಎವಿಎಸ್‌ಒ ಸಂಘಕ್ಕೆ ಯಾರು ಬೇಕಾದರೂ ಕಳುಹಿಸಬಹುದು. ಅಲ್ಲಿ ಜೂಲಿಯನ್ ದಿನ, ಅಂದರೆ ತಿಂಗಳು-ವರ್ಷಗಳಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸಿದ ಸಂಖ್ಯೆ, ಕೇಳುತ್ತಾರೆ. ಅದು ಶುರುವಾಗುವುದು ನಮ್ಮ ಸಂಜೆ 5:30ಕ್ಕೆ, ಹಾಗಾಗಿ ರಾತ್ರಿಯಿಡೀ ದಿನದ ಸಂಖ್ಯೆ ಬದಲಾಗುವುದಿಲ್ಲ. ರಾತ್ರಿ 8:30 ಅಂದರೆ ಮೂರು ಗಂಟೆ ಕಳೆದಿರುತ್ತದೆ, ದಿನದ .125 ಭಾಗ.

ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹುಟ್ಟುವಾಗ ಸೂರ್ಯ ಈ ನಕ್ಷತ್ರದ ಆಸುಪಾಸಿನಲ್ಲೇ ಇರುತ್ತಾನೆ. ಆಗ ವೀಕ್ಷಣೆ ಇಲ್ಲ. ಆಗಸ್ಟ್ ಕೊನೆಗೆ ಮುಂಜಾನೆ 5ಕ್ಕೆ ಮೋಡ ಬಿಟ್ಟುಕೊಟ್ಟರೆ ಅದು ಮತ್ತೆ ಸಿಗುತ್ತದೆ. ಪ್ರೊಸಿಯಾನ್ ಇನ್ನೂ ತಗ್ಗಿನಲ್ಲಿರುವುದರಿಂದ ರೈಜೆಲ್ ಮತ್ತು ರೋಹಿಣಿಯ ನಡುವೆಯೇ ಋತುವಿನ ಮೊದಲ ಅಂದಾಜು ಬರೆಯುತ್ತೇನೆ.