ಆರಂಭಶೂರತ್ವ ದಾಟಿ ಛಲ ಉಳಿಸಿಕೊಳ್ಳುವುದು ಹೇಗೆ? ಆಟಗಾರರ ತಾಲೀಮಿನಿಂದ ಕಲಿಯಬಹುದಾದದ್ದು

ಕೆಎಎಸ್ ಓದಿರಲಿ, ಹತ್ತು ಕಿಲೋಮೀಟರ್ ಓಟವಿರಲಿ, ಹಿಡಿದದ್ದನ್ನು ನಡುವೆ ಕೈಬಿಡುವವರಲ್ಲಿ ಸೋಮಾರಿಗಳು ಕಡಿಮೆ. ಮೊದಲ ಎರಡು ವಾರ ಮಿತಿಮೀರಿ ದುಡಿದು ಮೂರನೇ ವಾರ ಹಾಸಿಗೆ ಬಿಟ್ಟೇಳದವರೇ ಹೆಚ್ಚು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಅದೇ. ದೊಡ್ಡ ಆಟಗಾರರ ದಿನಚರಿ ಗಮನಿಸಿದರೆ ಬೇರೆಯದೇ ಕಾಣುತ್ತದೆ: ಹಲ್ಲು ಕಚ್ಚಿ ಸಹಿಸುವ ಪ್ರಸಂಗ ದಿನಾ ಬರದಂತೆ ಅವರು ಮೊದಲೇ ಏರ್ಪಾಡು ಮಾಡಿಕೊಂಡಿರುತ್ತಾರೆ.

ವಾರದ ಲೆಕ್ಕ

ಕೆನ್ಯಾದ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದರು, ಅದು ಆಗಿನ ವಿಶ್ವದಾಖಲೆ. ಅವರ ವಾರದಲ್ಲಿ ಕಠಿಣ ದಿನಗಳು ಮೂರೇ. ಮಂಗಳವಾರ ಟ್ರ್ಯಾಕ್ ಮೇಲೆ ವೇಗದ ಓಟ, ಗುರುವಾರ 30 ಅಥವಾ 40 ಕಿಲೋಮೀಟರಿನ ಉದ್ದ ಓಟ, ಶನಿವಾರ ವೇಗ ಏರಿಸುತ್ತ ಇಳಿಸುತ್ತ ಓಡುವ ಫಾರ್ಟ್‌ಲೆಕ್. ಉಳಿದ ದಿನ ಹಗುರ ಓಟ. ತಾಲೀಮಿನಲ್ಲಿ ನೂರಕ್ಕೆ ನೂರು ಶಕ್ತಿ ಸುರಿಯುವುದಿಲ್ಲ ಎಂದು ಅವರೇ ಹಲವು ಬಾರಿ ಹೇಳಿದ್ದಾರೆ.

ಓದಿಗೂ ಇದೇ ಹಂಚಿಕೆ ಸಾಕು. ವಾರಕ್ಕೆ ಮೂರು ದಿನ ಎರಡೂವರೆಯಿಂದ ಮೂರು ಗಂಟೆ ಕಷ್ಟದ ಕೆಲಸ, ಅಂದರೆ ಮಾಕ್ ಟೆಸ್ಟ್, ಬಿಡಿಸಲಾಗದ ಲೆಕ್ಕ, ತಪ್ಪಿಸಿಕೊಂಡು ತಿರುಗುತ್ತಿದ್ದ ಅಧ್ಯಾಯ. ಮೂರು ದಿನ ಮುಕ್ಕಾಲು ಗಂಟೆಯ ಪುನರಾವರ್ತನೆ. ಒಂದು ದಿನ ರಜೆ. ಎರಡು ಕಠಿಣ ದಿನಗಳನ್ನು ಒಂದರ ಬೆನ್ನಿಗೊಂದು ಇಡಬೇಡಿ. ಹಗುರ ದಿನ ಉತ್ಸಾಹ ಬಂತೆಂದು ಗಂಟೆ ಎಳೆಯುವುದೇ ಬಹುಪಾಲು ಯೋಜನೆಗಳು ಕೆಡುವ ಜಾಗ. ಮರುದಿನದ ಕಠಿಣ ಪಾಳಿ ಅರ್ಧಂಬರ್ಧವಾಗುತ್ತದೆ, ಅದರ ಬೇಸರಕ್ಕೆ ಮೂರನೇ ದಿನ ಪೂರ್ತಿ ತಪ್ಪುತ್ತದೆ.

ಜ್ವರ, ಮದುವೆ ಮನೆ, ಆಫೀಸಿನ ಓವರ್‌ಟೈಮ್, ಯಾವುದೇ ಇರಲಿ, ಅಂದೂ ಮಾಡಬಹುದಾದಷ್ಟು ಸಣ್ಣದೊಂದು ಕನಿಷ್ಠ ಮಿತಿ ಇಟ್ಟುಕೊಳ್ಳಿ: ಹತ್ತು ನಿಮಿಷದ ಓದು, ಇಲ್ಲವೇ ಶೂ ಹಾಕಿ ಬೀದಿಯ ಕೊನೆವರೆಗೆ ನಡಿಗೆ. ಜ್ವರದ ದಿನ ಮಾತ್ರ ಓಟ ಬೇಡ, ಪುಟ ತಿರುವಿದರೆ ಸಾಕು.

ಪುಸ್ತಕದಲ್ಲಿ ಏನು ಬರೆಯಬೇಕು

ಕಿಪ್ಚೋಗೆ ತಮ್ಮ ತಾಲೀಮನ್ನು ವರ್ಷಗಟ್ಟಲೆಯಿಂದ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಿಮಗೆ ನೂರು ಪುಟದ ಒಂದು ಪುಸ್ತಕ ಸಾಕು. ದಿನಕ್ಕೆ ಒಂದೇ ಸಾಲು: ತಾರೀಖು, ಮಾಡಿದ್ದೇನು, ಎಷ್ಟು, ಐದಕ್ಕೆ ಎಷ್ಟು ಕಷ್ಟವೆನಿಸಿತು. ನಾಳೆ ಮಾಡಬೇಕಾದ್ದನ್ನು ಅದರಲ್ಲಿ ಬರೆಯಬೇಡಿ. ಬರೆದದ್ದೇ ಅರ್ಧ ಮಾಡಿದಂತೆ ಅನಿಸಿಬಿಡುತ್ತದೆ. ಭಾನುವಾರ ಒಮ್ಮೆ ಓದಿ, ಈ ವಾರವನ್ನು ನಾಲ್ಕು ವಾರ ಹಿಂದಿನದಕ್ಕೆ ಹೋಲಿಸಿ. ನಿನ್ನೆಗೆ ಹೋಲಿಸಿದರೆ ಏರಿಳಿತ ಬಿಟ್ಟು ಬೇರೇನೂ ತಿಳಿಯದು.

ಎಡವಟ್ಟಿನ ತಾಲೀಮು

ಎಲ್ಲರೂ ಬಿಡುವ ಭಾಗ ಇದು, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಇದೇ.

ಅಭಿನವ್ ಬಿಂದ್ರಾ 2004ರ ಆಥೆನ್ಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮೂರನೆಯವರಾಗಿ ಹೋಗಿ ಏಳನೆಯವರಾಗಿ ಹೊರಬಂದರು. ಅವರು ನಿಂತಿದ್ದ ಜಾಗದ ಹಾಸುಬಿಲ್ಲೆ ಸಡಿಲವಾಗಿತ್ತೆಂದು ತಿಳಿದದ್ದು ಆಮೇಲೆ. 2008ರ ಬೀಜಿಂಗ್‌ನಲ್ಲಿ ಎಡವಟ್ಟು ಇನ್ನೂ ದೊಡ್ಡದು: ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ನಡುವಿನ 10ಕ್ಕೆ ಬೀಳಬೇಕಾದ ಗುಂಡು 4ರ ವೃತ್ತಕ್ಕೆ ಬಿತ್ತು, ರೈಫಲಿನಲ್ಲಿ ಗುರಿ ನೋಡುವ ಸೈಟ್ ಕದಲಿತ್ತು. ಇದ್ದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸಿಕೊಂಡು ಫೈನಲ್ ಆಡಿದರು. ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಜತೆ ಸಮ ಇದ್ದವರು 10.8 ಹೊಡೆದು, ಒಟ್ಟು 700.5ಕ್ಕೆ ಚಿನ್ನ ಗೆದ್ದರು. ಆ ಹೊತ್ತಿನಲ್ಲಿ ಬೇಕಾದದ್ದು ಆವೇಶವಲ್ಲ, ಮೊದಲು ಯಾವ ತಿರುಪು, ಆಮೇಲೆ ಯಾವುದು ಎಂಬುದು ಕೈಗೆ ಗೊತ್ತಿರುವುದು.

ನೀವು ಮಾಡಬೇಕಾದ್ದು: ನಿಮ್ಮ ಪರೀಕ್ಷೆಯಲ್ಲೋ ಸ್ಪರ್ಧೆಯಲ್ಲೋ ಕೆಡಬಹುದಾದ ಐದು ಸಂಗತಿ ಬರೆಯಿರಿ. ಓಎಂಆರ್ ಹಾಳೆಯಲ್ಲಿ ಒಂದು ಸಾಲು ಜಾರಿ ಗುಳ್ಳೆ ತುಂಬುವುದು, ಬಸ್ಸು ತಡವಾಗುವುದು, ಪೆನ್ನು ಕೈಕೊಡುವುದು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಮೊದಲ ಹತ್ತು ಪ್ರಶ್ನೆಯಲ್ಲಿ ಒಂದೂ ಬಾರದಿರುವುದು. ಒಂದೊಂದರ ಎದುರೂ ‘ಹೀಗಾದರೆ ಹೀಗೆ’ ಎಂದು ಒಂದೇ ಸಾಲು. ಉದಾಹರಣೆಗೆ, ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆಯನ್ನೂ ಗುಳ್ಳೆಯ ಸಂಖ್ಯೆಯನ್ನೂ ತಾಳೆ ನೋಡುವುದು. ಹಾಗಾದರೆ ಜಾರಿದರೂ ನಷ್ಟ ಹತ್ತಕ್ಕೆ ನಿಲ್ಲುತ್ತದೆ. ಆಮೇಲೆ ಒಂದೊಂದನ್ನೇ ಬೇಕೆಂದೇ ತಂದುಕೊಂಡು ಅಭ್ಯಾಸ ಮಾಡಿ: ಮನೆಯವರು ಟಿವಿ ಹಾಕಿರುವಾಗ ಮಾಕ್ ಬರೆಯಿರಿ, ಒಮ್ಮೆ 41ನೇ ಪ್ರಶ್ನೆಯಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಎಡವಟ್ಟು ಸಾಕು, ಐದನ್ನೂ ಸೇರಿಸಿದರೆ ಯಾವುದಕ್ಕೆ ಕೆಟ್ಟಿತೆಂದೇ ತಿಳಿಯುವುದಿಲ್ಲ. ಕೊನೆಯ ವಾರ ಈ ಆಟ ಬೇಡ, ಧೈರ್ಯ ಕುಗ್ಗುತ್ತದೆ.

ಅಂಕಿ ಅಲುಗಾಡದಿದ್ದಾಗ

2008ರ ಸಿಡ್ನಿ ಟೆಸ್ಟ್‌ನಲ್ಲಿ ರಾಹುಲ್ ದ್ರಾವಿಡ್ 18 ರನ್ನಿನಲ್ಲಿ 40 ಎಸೆತ ನಿಂತರು. ಕೊನೆಗೆ ಒಂದು ರನ್ ಓಡಿದಾಗ ಮೈದಾನವೇ ಚಪ್ಪಾಳೆ ತಟ್ಟಿತು, ಅವರೂ ಬ್ಯಾಟೆತ್ತಿ ತೋರಿಸಿದರು. ಇಂಥ ಅವಧಿಯಲ್ಲಿ ಅಂಕ ಎಣಿಸಬೇಡಿ, ಕೂತ ಪಾಳಿ ಎಣಿಸಿ. ಆದರೆ ಗಡುವಿರಲಿ. ಆರು ವಾರವಾದರೂ ಮಾಕ್ ಅಂಕ ಮೇಲೇಳದಿದ್ದರೆ ವಿಧಾನದಲ್ಲಿ ಒಂದನ್ನು, ಒಂದನ್ನು ಮಾತ್ರ, ಬದಲಿಸಿ.

ಸೋತ ಮೇಲೆ

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ ಕ್ಲೀನ್ ಅಂಡ್ ಜರ್ಕ್‌ನ (ಭಾರವನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ವಿಭಾಗ) ಮೂರೂ ಯತ್ನ ವಿಫಲ, ಹಾಗಾಗಿ ಒಟ್ಟು ತೂಕವೇ ದಾಖಲಾಗಲಿಲ್ಲ. ಮರುವರ್ಷ ವಿಶ್ವ ಚಾಂಪಿಯನ್. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಅದೇ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕೆಜಿ ಎತ್ತಿ ವಿಶ್ವದಾಖಲೆ, ಟೋಕಿಯೊದಲ್ಲಿ ಒಟ್ಟು 202 ಕೆಜಿಗೆ ಬೆಳ್ಳಿ. ಫಲಿತಾಂಶ ಬಂದ ವಾರ ಏನೂ ತೀರ್ಮಾನಿಸಬೇಡಿ. ಎರಡನೇ ವಾರ ಕೂತು, ಕೆಟ್ಟದ್ದು ಯಾವ ಭಾಗ ಎಂದು ಬೇರ್ಪಡಿಸಿ. ಸಾಮಾನ್ಯ ಅಧ್ಯಯನ ಸರಿಯಿದ್ದು ಪ್ರಬಂಧ ಕೈಕೊಟ್ಟಿದ್ದರೆ ಪುಸ್ತಕಗಳನ್ನೆಲ್ಲ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ.

ಕೆಲವೊಮ್ಮೆ ಸ್ಪರ್ಧೆಯನ್ನೇ ಬದಲಿಸಬೇಕಾಗುತ್ತದೆ. 2012ರ ಒಲಿಂಪಿಕ್ಸ್‌ಗೆ ಕೆನ್ಯಾ ತಂಡದಲ್ಲಿ ಕಿಪ್ಚೋಗೆಗೆ ಜಾಗ ಸಿಗಲಿಲ್ಲ. ಟ್ರ್ಯಾಕ್ ಬಿಟ್ಟು 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್ ಓಡಿ ಗೆದ್ದರು.

ನೋವಿನ ವಿಷಯ

2002ರ ಆ್ಯಂಟಿಗಾ ಟೆಸ್ಟ್‌ನಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ವಿಕೆಟ್ ಪಡೆದ ಅನಿಲ್ ಕುಂಬ್ಳೆ ಅವರ ಚಿತ್ರವನ್ನು ಛಲಕ್ಕೆ ಸಾಕ್ಷಿಯೆಂದು ಎಲ್ಲರೂ ತೋರಿಸುತ್ತಾರೆ. ಮರುದಿನವೇ ಅವರು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಓಡುವವರು ಇಷ್ಟು ನೆನಪಿಡಿ: ಎರಡೂ ಕಾಲಿಗೆ ಹರಡಿದ ಮೈಕೈ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ, ಅದಕ್ಕೆ ಹಗುರ ನಡಿಗೆ ಸಾಕು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು, ಕುಂಟುವಂತೆ ಮಾಡುವ ನೋವು, ರಾತ್ರಿ ಎಚ್ಚರಿಸುವ ನೋವು ಇದ್ದರೆ ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಂಥ ದಿನ ಪುಸ್ತಕದಲ್ಲಿ ಜಾಗ ಖಾಲಿ ಬಿಡದೆ ‘ಎಡ ಮಂಡಿ, ಒಳಬದಿ, ಮೂರನೇ ಕಿಲೋಮೀಟರಿನಿಂದ’ ಎಂದು ಬರೆಯಿರಿ. ಫಿಸಿಯೋ ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.