ಬ್ಲಾಕ್ ಜೋಡಿಸಿ ತಂಡದ ತೊಡಕು ಬಿಡಿಸುವುದು ಹೇಗೆ?

ಟೇಬಲ್ ಮೇಲೆ ಮಕ್ಕಳ ಆಟಿಕೆಯ ಬ್ಲಾಕ್ ಸುರಿದು 'ಎಲ್ಲರೂ ಸೇರಿ ಏನಾದರೂ ಕಟ್ಟಿ' ಎಂದರೆ ಅರ್ಧ ಗಂಟೆ ನಗು, ನಾಲ್ಕು ಸೆಲ್ಫಿ, ಸಮಸ್ಯೆ ಇದ್ದಲ್ಲೇ. ಆಫೀಸುಗಳಲ್ಲಿ ಬಹುಪಾಲು ಆಗುವುದು ಇಷ್ಟೇ. ಆದರೆ ಇದಕ್ಕೊಂದು ಕ್ರಮವಿದೆ, ಹೆಸರು 'ಲೆಗೋ ಸೀರಿಯಸ್ ಪ್ಲೇ': ಕೇಳಿದ ಪ್ರಶ್ನೆಗೆ ಪ್ರತಿಯೊಬ್ಬರೂ ಉತ್ತರವನ್ನು ಬ್ಲಾಕಲ್ಲಿ ಕಟ್ಟಿ, ಅದರ ಅರ್ಥ ಹೇಳುವುದು. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಐಎಂಡಿ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯ ಪ್ರೊಫೆಸರ್‌ಗಳಾದ ಯೋಹಾನ್ ರೂಸ್ ಮತ್ತು ಬಾರ್ಟ್ ವಿಕ್ಟರ್, ಈ ಬ್ಲಾಕ್ ತಯಾರಿಸುವ ಲೆಗೋ ಕಂಪನಿಯ ಜೊತೆ ಸೇರಿ ಇದನ್ನು ಶುರು ಮಾಡಿದರು. 2010ರಲ್ಲಿ ಕಂಪನಿ ಮೂಲ ವಿಧಾನವನ್ನು ಎಲ್ಲರಿಗೂ ಮುಕ್ತಗೊಳಿಸಿತು. ಹಾಗಾಗಿ ಸರ್ಟಿಫಿಕೇಟ್ ಇಲ್ಲದವರು ಇದನ್ನು ಮಾಡಿಸುವಂತಿಲ್ಲ ಎಂದು ಯಾರಾದರೂ ಕೋರ್ಸ್ ಮಾರಲು ಬಂದರೆ ನಂಬಬೇಡಿ.

ತಯಾರಿ. ಆರರಿಂದ ಎಂಟು ಜನ, ಮೂರು ಗಂಟೆ, ತಲಾ 70–80 ಬ್ಲಾಕ್. ಬರೀ ಇಟ್ಟಿಗೆಯಂಥವು ಸಾಲವು. ಚಕ್ರ, ಏಣಿ, ಬೇಲಿ, ಬಾವುಟ, ಮನುಷ್ಯರ ಗೊಂಬೆ, ದಾರ ಬೇಕೇ ಬೇಕು. ಅಗ್ಗದ ನಕಲಿ ಬ್ಲಾಕ್ ತರಬೇಡಿ. ಬ್ಲಾಕ್ ಮೇಲಿನ ಗುಬುಟು ಸಡಿಲವಿದ್ದರೆ ಕಟ್ಟಿದ ಮಾದರಿ ಎತ್ತುವಾಗಲೇ ಉದುರುತ್ತದೆ, ಹೇಳುತ್ತಿದ್ದವರ ಮಾತೂ ಅಲ್ಲೇ ಮುರಿಯುತ್ತದೆ. ದುಡ್ಡು ಸಾಲದಿದ್ದರೆ ಹಳೆಯ ಅಸಲಿ ಬ್ಲಾಕ್ ಕೊಂಡು ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆಯಿರಿ. ಚನ್ನಪಟ್ಟಣದ ಗೊಂಬೆ ಚೆಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಕೈ ಪಳಗಿಸಿ. ನಾಲ್ಕು ನಿಮಿಷದಲ್ಲಿ ಎಲ್ಲರೂ ಒಂದೊಂದು ಗೋಪುರ ಕಟ್ಟಲಿ. ಆಮೇಲೆ, 'ಈ ಗೋಪುರವೇ ನಿಮ್ಮ ಸೋಮವಾರದ ಬೆಳಗ್ಗೆ ಎಂದುಕೊಂಡು ವಿವರಿಸಿ' ಎನ್ನಿ. ಇದನ್ನು ಬಿಟ್ಟು ಮುಂದೆ ಹೋದರೆ ಬ್ಲಾಕ್ ಕೊನೆತನಕ ಬ್ಲಾಕಾಗಿಯೇ ಉಳಿಯುತ್ತದೆ.

ಪ್ರಶ್ನೆ. ಎಲ್ಲ ಕೆಡುವುದು ಇಲ್ಲೇ. 'ಮಾಲು ಯಾಕೆ ತಡವಾಗಿ ಹೋಗುತ್ತಿದೆ?' ಎಂದು ಕೇಳಿ ನೋಡಿ, ಆರೂ ಜನ ಲಾರಿ ಕಟ್ಟುತ್ತಾರೆ. 'ನಮ್ಮ ಟೀಮ್ ಹೇಗಿದೆ?' ಎಂದರೆ ಆರೂ ಜನ ಸೇತುವೆ. 'ಹೊಸ ಸಾಫ್ಟ್‌ವೇರ್‌ನಿಂದ ಏನು ಅನುಕೂಲ?' ಎಂದರಂತೂ ತೀರ್ಮಾನ ಆಗಿಹೋಗಿದೆ ಎಂದು ಎಲ್ಲರಿಗೂ ಗೊತ್ತಾಗಿ, ಸಾಹೇಬರಿಗೆ ಹಿಡಿಸುವಂಥದ್ದನ್ನು ಕಟ್ಟಿಡುತ್ತಾರೆ. ಬದಲಿಗೆ ಹೀಗೆ ಕೇಳಿ: 'ಆರ್ಡರ್ ನಿಮ್ಮ ಕೈಗೆ ಬಂದು ಮುಂದಿನವರ ಕೈ ಸೇರುವತನಕ ನಿಮಗೆ ಎಲ್ಲಿ ಉಸಿರುಕಟ್ಟುತ್ತದೆ? ಕಟ್ಟಿ ತೋರಿಸಿ.' ಒಂದು ಪ್ರಶ್ನೆಗೆ ಒಂದೇ ಮಾದರಿ. ನಡುವೆ 'ಮತ್ತು' ಬಂದರೆ ಅದು ಎರಡು ಪ್ರಶ್ನೆ, ಒಡೆಯಿರಿ. ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದಿಡಿ. ಹಿಂದಿನ ದಿನ ನೀವೇ ಕಟ್ಟಿ ನೋಡಿ. ಎರಡು ನಿಮಿಷದೊಳಗೆ ಸಲೀಸಾಗಿ ಮುಗಿದರೆ ಪ್ರಶ್ನೆ ಸಪ್ಪೆ ಎಂದೇ ಅರ್ಥ.

ಕಟ್ಟಲು ಏಳು ನಿಮಿಷ, ಒಬ್ಬೊಬ್ಬರೇ, ಮಾತಿಲ್ಲದೆ. ಯೋಚಿಸುತ್ತ ಕೂತವರಿಗೆ 'ಯಾವುದಾದರೂ ಎರಡು ಜೋಡಿಸಿ' ಎಂದರೆ ಸಾಕು, ಕೈ ಓಡುತ್ತದೆ.

ಹೇಳುವುದು. ತಲಾ ಒಂದೂವರೆ ನಿಮಿಷ. ಹೊಸಬರು ಮೊದಲು, ಮ್ಯಾನೇಜರ್ ಕಟ್ಟಕಡೆಗೆ. ಇದರಲ್ಲಿ ರಿಯಾಯಿತಿ ಬೇಡ. ಅವರು ಮೊದಲು ಬಾಯಿಬಿಟ್ಟರೆ ಮಿಕ್ಕವರ ಮಾದರಿಯ ಅರ್ಥವೇ ಬದಲಾಗಿಬಿಡುತ್ತದೆ. ಪ್ರಶ್ನೆ ಏನಿದ್ದರೂ ಮಾದರಿಗೆ, ಮನುಷ್ಯರಿಗಲ್ಲ. 'ನೀವ್ಯಾಕೆ ಹೀಗೆ ಮಾಡ್ತೀರಿ?' ಅಲ್ಲ, 'ಈ ಏಣಿ ಗೋಡೆಗೆ ತಾಗಿಲ್ಲವಲ್ಲ, ಅದೇನು?' ಸ್ಟೋರ್ ನೋಡಿಕೊಳ್ಳುವ ಹುಡುಗಿ ಗೋಡೆ ಕಡೆ ಮುಖ ಮಾಡಿದ ಗೊಂಬೆ ನಿಲ್ಲಿಸಿ, ಅದರ ಬೆನ್ನ ಹಿಂದೆ ಕೆಂಪು ಬಾವುಟ ಇಟ್ಟಿದ್ದಾಳೆ ಅನ್ನಿ. ಮ್ಯಾನೇಜರ್ 'ಓ, ಇದು ನಾನೇ ತಾನೆ?' ಎಂದರೆ ಅಲ್ಲೇ ತಡೆಯಿರಿ. ಅರ್ಥ ಹೇಳುವ ಹಕ್ಕು ಕಟ್ಟಿದವರಿಗೆ ಮಾತ್ರ. ಬಾವುಟ ಯಾಕೆ ಹಿಂದಿದೆ ಎಂದು ಕೇಳಿದರೆ ಉತ್ತರ ಹೊರಬರುತ್ತದೆ: 'ಸರ್, ಗೊಂಬೆ ನಾನು. ಆರ್ಡರ್ ಬದಲಾದದ್ದು ಗ್ರೂಪಲ್ಲಿ ಬರುತ್ತೆ, ಆ ಗ್ರೂಪಲ್ಲಿ ನಾನಿಲ್ಲ.'

ಕೂಡಿಸುವುದು. ಪ್ರತಿಯೊಬ್ಬರೂ ತಮ್ಮ ಮಾದರಿಯಿಂದ ಬಿಡಲಾಗದ ಒಂದು ಭಾಗವನ್ನು ಕಿತ್ತು ನಡುವಿನ ಹಲಗೆಗೆ ತರಲಿ, ಯಾವುದಕ್ಕೆ ಯಾವುದು ನಂಟೋ ದಾರ ಕಟ್ಟಲಿ. ಜಗಳ ಬಂದರೆ ವೋಟು ಹಾಕಿಸಬೇಡಿ, ಜಾಗ ಬದಲಿಸಿ ನೋಡಲು ಹೇಳಿ. ಬಳಿಕ 'ನಾಳೆ ಇವರು ರಜೆ' ಎಂದು ಒಂದು ಗೊಂಬೆ ಎತ್ತಿಬಿಡಿ. ಯಾವ ದಾರ ಜೋತುಬಿತ್ತೋ ಮೊದಲು ಸರಿಪಡಿಸಬೇಕಾದ್ದು ಅದು.

ದಾಖಲೆ. ಬರೀ ಫೋಟೊ ತೆಗೆದಿಟ್ಟರೆ ವಾರದ ನಂತರ ಅದು ಬಣ್ಣದ ರಾಶಿ. ಪ್ರತಿ ದಾರದ ವಿವರಣೆಯನ್ನು ಹೇಳಿದವರ ಮಾತಿನಲ್ಲೇ ಒಂದು ನಿಮಿಷ ವಿಡಿಯೊ ಮಾಡಿ. ಜೋತುಬಿದ್ದ ದಾರಕ್ಕೆ ಒಂದು ಕೆಲಸ, ಒಂದು ಹೆಸರು, ಒಂದು ತಾರೀಕು ಬರೆಯಿರಿ.

ಸಂಬಳದ ತಕರಾರು, ಇಬ್ಬರ ನಡುವಿನ ವೈಯಕ್ತಿಕ ಮುನಿಸು ಇದ್ದಲ್ಲಿ ಮಾತ್ರ ಈ ಡಬ್ಬ ತೆರೆಯಬೇಡಿ, ಅದಕ್ಕೆ ಎದುರುಬದುರು ಮಾತೇ ಮದ್ದು. ಮುಗಿದ ಮೇಲೆ ಗೊಂಬೆ, ಬಾವುಟ, ದಾರವನ್ನು ಬೇರೆ ಚೀಲದಲ್ಲಿ ಎಣಿಸಿಡಿ. ಮೊದಲು ಕಳೆದುಹೋಗುವುದು ಅವೇ.